ಹುಲ್ಲಿನ ನೆರಳು ಲೆಕ್ಕಕ್ಕಿಲ್ಲ

ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ನಿಘಂಟು ತೆಗೆಯುತ್ತೇನೆ. ನಗಬೇಡಿ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಬೈಯುವುದಾದರೂ ಅರ್ಥ ನೋಡಿಕೊಂಡೇ ಬೈಯಬೇಕೆಂಬುದು ನನ್ನ ಹಟ. ಅರ್ಥ ನೋಡಿ, ಅದರ ಮೂಲ ನೋಡಿ, ಪಕ್ಕದ ಶಬ್ದಕ್ಕೂ ಒಂದಿಷ್ಟು ಕಣ್ಣು ಹಾಯಿಸಿ ಮುಗಿಸುವಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ನಾನು ಕಪಾಟಿನ ಕಡೆ ಹೆಜ್ಜೆ ಹಾಕಿದರೆ ಸಾಕು, ನಮ್ಮ ಮನೆಯವರು ಪೇಪರು ಕೆಳಗಿಳಿಸಿ, "ಇವತ್ತ ಯಾರ ಮ್ಯಾಲ?" ಎಂದು ಕೇಳುತ್ತಾರೆ.

ಆ ನಿಘಂಟಿನದೂ ಒಂದು ಕಥೆಯೇ. ಬೆನ್ನಿನ ಹೊಲಿಗೆ ಬಿಚ್ಚಿ ಎಷ್ಟೋ ವರ್ಷವಾಗಿದೆ. ನಮ್ಮ ಅತ್ತೆ ಇದ್ದಾಗ ಹೊಸ ಸೀರೆಯ ಮಡಿಕೆ ಕೂರಲೆಂದು ಅದನ್ನು ಸೀರೆಯ ಮೇಲೆ ಹೇರುತ್ತಿದ್ದರು. "ನಿನ್ನ ಪುಸ್ತಕಾ ಒಂದಕ್ಕರ ಉಪಯೋಗಕ್ಕ ಬಂತಲ್ಲವ್ವ" ಎಂದು ನನ್ನನ್ನು ಹೊಗಳುತ್ತಲೂ ಇದ್ದರು. ಅವರ ಪ್ರಕಾರ ಅದು ಹೊಗಳಿಕೆಯೇ.

ಮೊನ್ನೆ ನನ್ನ ಸಿಟ್ಟು ಮಹಡಿ ಮೇಲಿನ ಸರೋಜಮ್ಮನ ಮೇಲಿತ್ತು. ಇಬ್ಬರ ಮನೆಗೂ ಒಂದೇ ನೀರಿನ ಟ್ಯಾಂಕು. ಬೆಳಿಗ್ಗೆ ಆಕೆ ಬಟ್ಟೆ ತೊಳೆಯಲು ಶುರು ಮಾಡಿದರೆ ನಮ್ಮ ಬಚ್ಚಲಲ್ಲಿ ನಲ್ಲಿ ಕೆಮ್ಮುತ್ತದೆ, ಅಷ್ಟೇ. ಮೈಯೆಲ್ಲ ಉರಿದು ಕೆಳಗಿನಿಂದಲೇ ಎರಡು ಮಾತು ಅಂದೆ. ಆಕೆಯೂ ಮೇಲಿನಿಂದ ನಾಲ್ಕು ಅಂದಳು. ಒಳಗೆ ಬಂದವಳೇ, ಇಂಥವಳನ್ನು ಇಂಗ್ಲಿಷಿನಲ್ಲಿ ಏನೆನ್ನಬಹುದು ನೋಡೋಣ ಎಂದು ಹಾಳೆ ತಿರುವಿದೆ. ಕಣ್ಣು ಹೋಗಿ ನಿಂತದ್ದು 'ರೈವಲ್' ಎಂಬ ಶಬ್ದದ ಮೇಲೆ. ನಿಂತದ್ದೇ, ಸರೋಜಮ್ಮ ಮರೆತುಹೋದಳು. ನಾನೊಬ್ಬಳೇ ನಗುತ್ತ ಕೂತೆ. ಆ ಶಬ್ದವನ್ನು ಎಲ್ಲಿ ಕಂಡರೂ ನನಗೆ ನಮ್ಮಪ್ಪ ಮತ್ತು ಗುರುಬಸಪ್ಪ ಮಾವ ಬದುವಿನ ಮೇಲೆ ನಿಂತು ಕೈ ತಿರುವುತ್ತಿರುವುದೇ ಕಣ್ಣಿಗೆ ಕಟ್ಟುತ್ತದೆ.

ಜಗಳಕ್ಕೆ ನಮ್ಮಲ್ಲಿ ಶಬ್ದಗಳಿಗೇನು ಬರವೇ? ತಂಟೆ, ತಕರಾರು, ಕಿತ್ತಾಟ, ವ್ಯಾಜ್ಯ, ಹಗೆ. ತಕರಾರು ಎಂದರೆ ಅದರ ಮೂಲದಲ್ಲಿ 'ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು' ಎಂದರ್ಥವಂತೆ. ನಮ್ಮ ಶಾಲೆಯ ಉರ್ದು ಮೇಷ್ಟ್ರು ಇದನ್ನು ಹೇಳಿದ ದಿನ ನಾನು ಮನೆಗೆ ಬಂದು ಗಂಡನಿಗೆ ವಿವರಿಸಿದೆ. "ಅದನ್ನ ನೀ ಹೇಳಾಕ ಹತ್ತಿ ಇದು ಎಷ್ಟನೇ ಸಲಾ?" ಎಂದರು. ದಾಯಾದಿ ಎಂಬ ಶಬ್ದವನ್ನೇ ತಗೊಳ್ಳಿ. ದಾಯ ಎಂದರೆ ಪಾಲು. ಒಂದೇ ಆಸ್ತಿಗೆ ಪಾಲುದಾರನಾದವನು ದಾಯಾದಿ. ಈಗ ಆ ಶಬ್ದ ಕಿವಿಗೆ ಬಿದ್ದರೆ ಯಾರಿಗಾದರೂ ಪಾಲು ನೆನಪಾಗುತ್ತದೆಯೇ? ಮೊದಲು ನೆನಪಾಗುವುದು ಕೋರ್ಟು.

ಇರಲಿ, ನಮ್ಮೂರಿಗೆ ಬರುತ್ತೇನೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಹೊಲ. ಬಾಳೆ, ಕಬ್ಬು, ಒಂದಿಷ್ಟು ಭತ್ತ. ನಮ್ಮದಕ್ಕೆ ಒತ್ತಿಕೊಂಡಂತೆ ಗುರುಬಸಪ್ಪ ಮಾವನ ಹೊಲ. ಮಾವ ಎಂದರೆ ರಕ್ತಸಂಬಂಧವೇನಲ್ಲ, ಊರಿನ ವರಸೆಯಲ್ಲಿ ಮಾವ. ರಾಯರ ಕಾಲದ ದೊಡ್ಡ ಕಾಲುವೆಯಿಂದ ಒಂದು ಸಣ್ಣ ಕಾಲುವೆ ಒಡೆದು ಅವರ ಹೊಲದ ತಲೆಯ ಕಡೆಯಿಂದ ಬರುತ್ತದೆ. ಅಲ್ಲಿಂದ ಒಂದು ಕವಲು ಅವರಿಗೆ, ಒಂದು ನಮಗೆ. ಒಂದು ಬುಟ್ಟಿ ಮಣ್ಣು ಹಾಕಿ ಈ ಕಡೆ ಕಟ್ಟಿದರೆ ನೀರು ಆ ಕಡೆ, ಆ ಕಡೆ ಕಟ್ಟಿದರೆ ಈ ಕಡೆ.

ನೀರಿನ ಪಾಳಿ ಬದಲಾಗುವುದಕ್ಕೆ ಗುರುತೇನು ಗೊತ್ತೇ? ಬದುವಿನ ಪಕ್ಕದಲ್ಲೊಂದು ನಾಲ್ಕು ಕಂಬದ ಕಲ್ಲು ಮಂಟಪ. ನಮ್ಮ ಕಡೆ ಇಂಥವು ಹೊಲಕ್ಕೊಂದರಂತೆ ನಿಂತಿವೆ, ಯಾರೂ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಅದರ ನೆರಳು ಉದ್ದಕ್ಕೆ ಚಾಚಿರುತ್ತದೆ, ಬಿಸಿಲೇರಿದಂತೆ ಹಿಂದೆ ಸರಿಯುತ್ತದೆ. ಬದುವಿನಲ್ಲಿ ಹೂತ ಒಂದು ಕಲ್ಲಿದೆ. ನೆರಳು ಆ ಕಲ್ಲನ್ನು ಬಿಡುವತನಕ ನೀರು ಒಬ್ಬರದು, ಬಿಟ್ಟ ಮೇಲೆ ಇನ್ನೊಬ್ಬರದು. ವಾರಕ್ಕೊಮ್ಮೆ ಅದಲು ಬದಲು. ಅಜ್ಜಂದಿರು ಮಾಡಿಟ್ಟ ಕಟ್ಟಳೆ ಇದು. ಅವರಿಗೆ ಜಗಳ ಬಗೆಹರಿಸುವ ಉದ್ದೇಶವಿತ್ತೋ, ಮೊಮ್ಮಕ್ಕಳತನಕ ನಡೆಸುವ ಉದ್ದೇಶವಿತ್ತೋ ದೇವರಿಗೇ ಗೊತ್ತು. ಯಾಕೆಂದರೆ ನೆರಳಿಗೆ ಅಂಚೆಲ್ಲಿದೆ? ಇದ್ದೂ ಇಲ್ಲದಂತೆ ಮಸುಕಾಗಿರುತ್ತದೆ. ಅಪ್ಪ "ಬಿಟ್ಟೈತಿ" ಎಂದರೆ ಮಾವ "ಬಿಟ್ಟಿಲ್ಲ" ಎನ್ನುವುದು. ಮರುವಾರ ಮಾವ "ಬಿಟ್ಟೈತಿ" ಎಂದರೆ ಅಪ್ಪ ಮಂಡಿಯೂರಿ ಕಲ್ಲಿನ ಮುಂದೆ ಕೂತು, "ಇನ್ನ ಐತಿ, ನೋಡು" ಎನ್ನುವುದು.

ಒಂದು ವರ್ಷ ಮಳೆ ಚೆನ್ನಾಗಿ ಹಿಡಿದು ಮಂಟಪದ ತಲೆಯ ಮೇಲೆ ಹುಲ್ಲು ಬೆಳೆಯಿತು. ಒಂದು ಮೊಳ ಹುಲ್ಲು. ಈಗ ಆ ಹುಲ್ಲಿನ ನೆರಳು ಕಲ್ಲಿನ ಮೇಲೆ ಬಿದ್ದರೆ ಅದು ಮಂಟಪದ ನೆರಳೋ, ಹುಲ್ಲಿನ ನೆರಳೋ? "ಹುಲ್ಲಿನ ನೆರಳು ಲೆಕ್ಕಕ್ಕಿಲ್ಲ!" ಎಂದು ಅಪ್ಪ. "ಮಂಟಪದ ಮ್ಯಾಲ ಬೆಳದದ್ದು ಮಂಟಪದ್ದ!" ಎಂದು ಮಾವ. ಮರುವಾರ ಪಾಳಿಯ ಜೊತೆ ಮಾತೂ ಅದಲು ಬದಲು. ಆ ಹಂಗಾಮೆಲ್ಲ ಅದೇ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಯಾರೋ ಹುಲ್ಲು ಕೊಯ್ದಂತೆ ಮಂಟಪದ ತಲೆ ಬೋಳಾಗಿತ್ತು. ಅಪ್ಪ ಕೊಯ್ದನೆಂದು ಮಾವನ ಸಂಶಯ. ಮಂಗ ಕಿತ್ತಿತೆಂದು ಅಪ್ಪನ ವಾದ. ಹಂಪಿಯ ಮಂಗಗಳು ಅಲ್ಲಿಯತನಕ ಹುಲ್ಲು ಕೀಳಲು ಬರುತ್ತವೆಯೇ ಎಂದು ನಾನು ಕೇಳಲು ಹೋಗಿ ಬೈಸಿಕೊಂಡೆ.

ಮೋಡ ಕವಿದ ದಿನ ನೆರಳೇ ಇರುತ್ತಿರಲಿಲ್ಲ. ಅವತ್ತು ಇಬ್ಬರೂ ಸುಮ್ಮನೆ ಅಂದಾಜಿನ ಮೇಲೆ ನೀರು ತಿರುಗಿಸಿಕೊಂಡು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಆ ದಿನ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. "ಸಾರಿಗೆ ಉಪ್ಪಿಲ್ಲ" ಎಂದು ಅವ್ವನ ಮೇಲೆ ಹರಿಹಾಯುತ್ತಿದ್ದ. ಉಪ್ಪು ಸರಿಯಾಗಿಯೇ ಇರುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಇವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡುತ್ತಿರಲಿಲ್ಲ. ಯಾವಾಗ ಮಾತು ಬಿಟ್ಟರೋ, ಯಾಕೆ ಬಿಟ್ಟರೋ ಇಬ್ಬರಿಗೂ ನೆನಪಿರಲಿಲ್ಲ. ಆದರೆ ಬಿಟ್ಟದ್ದು ಬಿಟ್ಟದ್ದೇ. ಹಾಗಾದರೆ ಜಗಳವಾಡುತ್ತಿದ್ದುದು ಹೇಗೆ ಎಂದು ಕೇಳುತ್ತೀರಿ. ನಮ್ಮ ಎಮ್ಮೆ ಗಂಗಿಯ ಮೂಲಕ. ಎಮ್ಮೆ ಬದಲಾದರೂ ಹೆಸರು ಮಾತ್ರ ಗಂಗಿಯೇ. ಅದು ಬದುವಿನ ಮೇಲೆ ಮೇಯುತ್ತ ನಿಂತಿರುತ್ತಿತ್ತು. ಅಪ್ಪ ಅದರ ಬೆನ್ನು ಸವರುತ್ತ, "ನೋಡವ್ವ ಗಂಗೀ, ಕೆಲವು ಮಂದಿಗೆ ವಯಸ್ಸಾತು, ಕಣ್ಣು ಕಾಣಂಗಿಲ್ಲ" ಎನ್ನುತ್ತಿದ್ದ. ಮಾವ ಆ ಕಡೆಯಿಂದ, "ಗಂಗೀ, ನಿನ್ನ ಮಾಲಕಗ ಹೇಳು, ಕಣ್ಣು ಛಲೋ ಇದ್ದವರು ಸುಳ್ಳು ಹೇಳಬಾರದು ಅಂತ" ಎನ್ನುತ್ತಿದ್ದ. ಗಂಗಿ ಕಿವಿ ಅಲ್ಲಾಡಿಸುತ್ತಿತ್ತು. ನನ್ನ ಮದುವೆಯಲ್ಲೂ ಹೀಗೇ. ಅಕ್ಕಿ ಚೀಲ ಹೊತ್ತು ತಂದವನು ಮಾವ, ಪಂಕ್ತಿಯಲ್ಲಿ ನಿಂತು ಬಡಿಸಿದವನು ಮಾವ. ಆದರೆ ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಅಡುಗೆಯವನಿಗೆ ಹೇಳಿದ. ಹೆಂಗಸರಿಗೆ ಈ ಮಡಿ ಇರಲಿಲ್ಲ. ಅವ್ವ ಮತ್ತು ಮಾವನ ಹೆಂಡತಿ ಗೌರಮ್ಮತ್ತೆ ಮಜ್ಜಿಗೆ, ರೊಟ್ಟಿ, ಊರ ಸುದ್ದಿ ಎಲ್ಲವನ್ನೂ ಹಂಚಿಕೊಂಡು ತಣ್ಣಗಿದ್ದರು.

ಓದಿದ ಮಗಳು ನಾನು, ಸುಮ್ಮನಿರಲಾದೀತೇ? ಮೊದಲ ಸಂಬಳಗಳ ಹುರುಪಿನಲ್ಲಿ ಒಂದೇ ಬಣ್ಣದ ಎರಡು ಅಲಾರಂ ಗಡಿಯಾರ ಕೊಂಡು, ಎರಡಕ್ಕೂ ಒಂದೇ ಸಮಯ ಕೊಟ್ಟು, ಒಂದನ್ನು ಅಪ್ಪನಿಗೂ ಒಂದನ್ನು ಮಾವನಿಗೂ ಕೊಟ್ಟೆ. "ಇನ್ನ ಜಗಳಾನ ಇಲ್ಲ ನೋಡ್ರಿ. ಗಂಟಿ ಹೊಡದ ಕೂಡ್ಲೇ ನೀರು ತಿರುವ್ರಿ" ಎಂದು ಭಾಷಣ ಬಿಗಿದೆ. ಇಬ್ಬರೂ ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಅದೊಂದು ಸಲ ಇಬ್ಬರ ಮುಖದಲ್ಲೂ ಒಂದೇ ಭಾವನೆಯಿತ್ತು, ನನ್ನ ಬಗ್ಗೆ ಕನಿಕರ. ಅಪ್ಪ, "ಗಡಿಯಾರ ಯಾರು ತಿರುವಿದ್ರೂ ತಿರುಗತೈತಿ. ಸೂರ್ಯನ್ನ ತಿರುವಾಕ ಆ ಮನಿಷ್ಯಾನ ಕೈಲಿ ಆಗಂಗಿಲ್ಲ" ಎಂದ. ಒಂದು ಗಡಿಯಾರ ದೇವರ ಜಗಲಿ ಸೇರಿತು. ಇನ್ನೊಂದು ಮಾವನ ಮನೆಯಲ್ಲಿ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಆಮೇಲೆ ಕಬ್ಬಿಣದ ಅದಿರಿನ ಕಾಲ ಬಂತು. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿದ್ದವರಿಗೆ ನಾನು ಹೇಳಬೇಕಾದ್ದೇನಿಲ್ಲ. ಸಂಡೂರಿನ ಗಣಿಗಳ ಕಡೆಯಿಂದ ಹಗಲೂ ರಾತ್ರಿ ಲಾರಿ, ಲಾರಿಯ ಹಿಂದೆ ಲಾರಿ. ಬಿಳಿ ಸೀರೆ ಉಟ್ಟು ಶಾಲೆಗೆ ಹೋದರೆ ಸಂಜೆ ಕಾವಿ ಉಟ್ಟ ಸನ್ಯಾಸಿನಿಯಾಗಿ ಮನೆಗೆ ಬರುತ್ತಿದ್ದೆ. ಒಣಹಾಕಿದ ಹಪ್ಪಳ ಕೆಂಪು, ಗಿಡದ ಎಲೆ ಕೆಂಪು, ಮೂಗು ಒರೆಸಿಕೊಂಡರೆ ಕರ್ಚೀಫು ಕೆಂಪು. ನಿನ್ನೆ ಸೈಕಲ್ ಮೇಲೆ ಹೋಗುತ್ತಿದ್ದವನು ಇವತ್ತು ಕಾರಿನ ಕಿಟಕಿ ಇಳಿಸಿ, "ನಮಸ್ಕಾರ್ರಿ ಟೀಚರ್" ಎನ್ನುತ್ತಿದ್ದ. ಅಷ್ಟು ಲಾರಿ ನಿಲ್ಲುವುದಕ್ಕೆ ಜಾಗ ಬೇಕಲ್ಲ? ರಸ್ತೆಯ ಆಸುಪಾಸಿನ ಹೊಲಗಳಿಗೆ ಗರಸು ಮಣ್ಣು ಸುರಿದು ಯಾರ್ಡು ಮಾಡುತ್ತಿದ್ದರು. ಏಜೆಂಟರು ಊರೂರು ತಿರುಗುತ್ತಿದ್ದರು. ಅಂಥ ಒಬ್ಬ ಏಜೆಂಟ ಗುರುಬಸಪ್ಪ ಮಾವನ ಮನೆಗೂ ಬಂದ.

ಮಾವನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಕೋಲಿಲ್ಲದೆ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಮಗ ಸಾಲ ಮಾಡಿ ಲಾರಿ ತೆಗೆದುಕೊಂಡು ಅದರ ಹಿಂದೆ ಬಿದ್ದಿದ್ದ, ಹೊಲಕ್ಕೆ ಇಳಿಯುವವರಿರಲಿಲ್ಲ. ಬಾಡಿಗೆಗೆ ಕೊಟ್ಟರೆ ಕೂತಲ್ಲಿ ಊಟ. ಮಾವ ಹೂಂ ಎಂದ. ಏಜೆಂಟ ನಮ್ಮಪ್ಪನ ಹತ್ತಿರವೂ ಬಂದು ಬಹಳ ಮರ್ಯಾದೆಯಿಂದ ಹೇಳಿದನಂತೆ: "ಯಜಮಾನ್ರ, ನೀವೇನು ಚಿಂತಿ ಮಾಡಬ್ಯಾಡ್ರಿ. ಕಾಲುವಿ ಮುಚ್ಚಂಗಿಲ್ಲ, ಸಿಮೆಂಟ್ ಪೈಪ್ ಹಾಕಿ ಕೊಡ್ತೀವಿ. ಅವರ ಪಾಲಿನ ನೀರೂ ನಿಮಗ ಬರ್ತೈತಿ. ಇನ್ನ ಪಾಳಿ ಇಲ್ಲ, ಯಾರ ಕಾಟಾನೂ ಇಲ್ಲ."

ಊರವರೆಲ್ಲ ಅಪ್ಪನಿಗೆ ಶುಭಾಶಯ ಹೇಳಿದರು. "ನಿನ್ನ ನಸೀಬ ತೆರೀತು ಬಿಡು" ಎಂದರು. ಹೌದಲ್ಲ! ಮೂರು ತಲೆಮಾರು ಯಾವುದಕ್ಕಾಗಿ ಬಡಿದಾಡಿದರೋ ಆ ನೀರು ಕೇಳದೆಯೇ ಬಂದು ಅಂಗಳದಲ್ಲಿ ನಿಂತಂತಾಗಿತ್ತು.

ಆ ಶುಕ್ರವಾರ ಸಂಜೆ ಅಪ್ಪ ಹೊಸಪೇಟೆಗೆ ನಮ್ಮ ಮನೆಗೆ ಬಂದ. ಹಲ್ಲು ನೋವು, ಡಾಕ್ಟರಿಗೆ ತೋರಿಸಬೇಕು ಎಂದ. ಯಾವ ಹಲ್ಲು ಎಂದು ಕೇಳಿದರೆ ಎಡಗಡೆ ಎಂದು ಬಲಗಡೆ ಮುಟ್ಟಿಕೊಂಡ. ಚಹಾ ಆರಿತು. ಚಕ್ಕಲಿ ಹಾಗೇ ಉಳಿಯಿತು. ನೋಯುವ ಹಲ್ಲಿಗೆ ಚಕ್ಕಲಿ ಕೊಟ್ಟವಳು ನಾನು, ಅದು ಬೇರೆ ಮಾತು. ಖುಷಿ ಮಾಡೋಣವೆಂದು, "ಇನ್ನ ಪಾಳಿ ಇಲ್ಲ, ಜಗಳ ಇಲ್ಲ, ಆರಾಮ ಅಲ್ಲೇನಪ್ಪ?" ಎಂದೆ.

"ಹೂಂ. ಆರಾಮ" ಎಂದ. ಡಾಕ್ಟರು ದೊಡ್ಡ ಕಾಯಿಲೆಯ ಹೆಸರು ಹೇಳಿದಾಗ ನಾವು ತಿರುಗಿ ಉಚ್ಚರಿಸುತ್ತೇವಲ್ಲ, ಹಾಗೆ.

ಏನು ಮಾಡುವುದೆಂದು ತಿಳಿಯದಾಗಲೂ ನಾನು ನಿಘಂಟನ್ನೇ ತೆಗೆಯುವವಳು. ಮರುದಿನದ ಪಾಠದಲ್ಲಿ 'ರೈವಲ್' ಎಂಬ ಶಬ್ದವಿತ್ತು, ಅದನ್ನು ನೋಡುವ ನೆವದಲ್ಲಿ ಕೂತೆ. ಮಕ್ಕಳಿಗೆ 'ಎದುರಾಳಿ' ಎಂದು ಹೇಳಿಕೊಟ್ಟು ಎಷ್ಟೋ ವರ್ಷ ಸೀಮೆಸುಣ್ಣ ಸವೆಸಿದ್ದೆ. ಮೂಲ ನೋಡಿರಲಿಲ್ಲ. ಅಂದು ನೋಡಿ ಬೆಚ್ಚಿಬಿದ್ದೆ.

"ಅಪ್ಪಾ, ಇಲ್ಲಿ ಕೇಳು. ಇಂಗ್ಲಿಷಿನಾಗ ಎದುರಾಳಿಗೆ ರೈವಲ್ ಅಂತಾರ. ಅದು ಲ್ಯಾಟಿನ್ ಶಬ್ದದಿಂದ ಬಂದದ್ದು. ಆ ಭಾಷಾದಾಗ ರೀವುಸ್ ಅಂದ್ರ ಹಳ್ಳ, ತೊರೆ. ಒಂದ ಹಳ್ಳದ ನೀರು ಹಂಚಿಕೊಂಡು ಬಳಸೋರಿಗೆ ಮೊದಲು ಆ ಹೆಸರಿತ್ತಂತ. ಆಮ್ಯಾಲ ಅದ ಎದುರಾಳಿ ಅಂತಾತು."

ಅಪ್ಪ ನನ್ನ ಹತ್ತಿರಕ್ಕೆ ಸರಿದು ಕೂತ. ಕಣ್ಣಿಗೆ ಜೀವ ಬಂತು.

"ಆ ಮಂದೀಗೂ ಕಾಲುವಿ ಇತ್ತೇನು?"

"ಇದ್ದಿರಬೇಕಲ್ಲ."

"ಪಾಳಿ?"

"ಪಾಳಿ ಇಲ್ಲದ ಜಗಳ ಹೆಂಗ ಬರ್ತೈತಿ?"

"ನೆರಳು ಯಾರು ನೋಡತಿದ್ರು?"

"ಅದನ್ನ ಇದರಾಗ ಬರದಿಲ್ಲಪ್ಪ."

"ಅದ್ನ ಬರದಿಲ್ಲಂದ್ರ ಏನ್ ಬರದಂಗಾತು" ಎಂದು ಅಪ್ಪ ಆ ವಿದ್ವಾಂಸರ ಬಗ್ಗೆ ಬೇಸರಪಟ್ಟ. ಆಮೇಲೆ ಬಗ್ಗಿ, ಓದಲು ಬಾರದಿದ್ದರೂ ಆ ಹಾಳೆಯನ್ನೇ ನೋಡುತ್ತ ಕೇಳಿದ: "ಇಬ್ಬರು ಇದ್ರ ಈ ಹೆಸರು. ಅದರಾಗ ಒಬ್ಬಾವ ಎದ್ದು ಹೋದ ಅಂತ ತಿಳಿ. ಹಳ್ಳದ ದಂಡಿಮ್ಯಾಲ ಉಳದಾವಗ ಏನಂತಾರ?"

ನಾನು ಹಾಳೆ ತಿರುವಿದೆ, ಹಿಂದೆ ಮುಂದೆ ಹುಡುಕಿದೆ. ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. "ಅದಕ್ಕ ಶಬ್ದ ಇಲ್ಲಪ್ಪ" ಎಂದೆ.

"ಇರಂಗಿಲ್ಲ. ನನಗ ಗೊತ್ತಿತ್ತು" ಎಂದ ಅಪ್ಪ. ಹಲ್ಲಿನ ಡಾಕ್ಟರ ಹತ್ತಿರ ಹೋಗದೆ ಮರುದಿನ ಬೆಳಗಿನ ಬಸ್ಸಿಗೇ ಊರಿಗೆ ಹೊರಟ. ಹೋಗುವಾಗ, "ಐತವಾರ ಜಾಗಾ ಅಳಿಯಾಕ ಬರ್ತಾರಂತ. ನೀನೂ ಬಾ" ಎಂದ. ಯಾಕೆ ಎಂದು ಕೇಳಲಿಲ್ಲ. ಒಬ್ಬನೇ ನೋಡಲಾರೆ ಎಂಬುದು ಅವನ ಮುಖದ ಮೇಲೇ ಇತ್ತು.

ಭಾನುವಾರ ನಾನು ಹೋಗುವಷ್ಟರಲ್ಲಿ ಬಿಸಿಲೇರುತ್ತಿತ್ತು. ಮಂಟಪದ ಕಟ್ಟೆಯ ಮೇಲೆ ಗುರುಬಸಪ್ಪ ಮಾವ ಕೋಲಿಗೆ ಗಲ್ಲ ಊರಿ ಕೂತಿದ್ದ. ಏಜೆಂಟ ಒಳ್ಳೆಯ ಬೂಟು ಹಾಕಿಕೊಂಡು ಬದುವಿನ ಮೇಲೆ ಹುಷಾರಾಗಿ ಕಾಲಿಡುತ್ತ, ಟೇಪಿನ ಒಂದು ತುದಿಯನ್ನು ಕಂಬಕ್ಕೆ ಸಿಗಿಸುತ್ತಿದ್ದ. ಅಪ್ಪ ತನ್ನ ಹೊಲದ ಅಂಚಿನಲ್ಲಿ ಗಂಗಿಯ ಪಕ್ಕ ನಿಂತಿದ್ದ. ಅವ್ವ, ಗೌರಮ್ಮತ್ತೆ ಮಜ್ಜಿಗೆ ತಂಬಿಗೆ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ, ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

ಅಪ್ಪ ಗಂಗಿಯ ಬೆನ್ನ ಮೇಲೆ ಕೈಯಿಟ್ಟ. "ಗಂಗೀ, ಕೆಲವು ಮಂದಿ..." ಎಂದು ಶುರು ಮಾಡಿದ.

ಗಂಗಿ ಎದುರಿನ ಬದುವಿನಲ್ಲಿ ಏನೋ ಹಸಿರು ಕಂಡು ನಡೆದುಬಿಟ್ಟಿತು. ಅಪ್ಪನ ಕೈ ಗಾಳಿಯಲ್ಲಿ ಉಳಿಯಿತು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಎದುರಿಗೆ ಉಳಿದವನು ಮಾವನೊಬ್ಬನೇ.

"ಲೇ ಗುರುಬಸಪ್ಪಾ" ಎಂದ ಅಪ್ಪ.

ಗೌರಮ್ಮತ್ತೆಯ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. ಮಾವ ಗಲ್ಲ ಮೇಲೆತ್ತಿದ. ನಾನು ಹುಟ್ಟಿದ ಮೇಲೆ ಅಪ್ಪನ ಬಾಯಲ್ಲಿ ಆ ಹೆಸರು ಮಾವನ ಎದುರಿಗೆ ಬಂದದ್ದು ಅದೇ ಮೊದಲು. ಹೋಗಬೇಡ ಎನ್ನುತ್ತಾನೆ ಎಂದುಕೊಂಡೆ. ಆ ಮಾತು ನಾಲಿಗೆಯ ತುದಿಗೆ ಬಂದು ತಿರುಗಿ ಹೋದದ್ದು ನನಗೆ ಕಂಡಿತು.

"ನಿಮ್ಮಪ್ಪ ಇದ್ದಾಗ ನಮ್ಮ ಪಾಳಿ ನೀರು ನೀವು ತಿರುವಿಕೊಂಡಿದ್ರಿ. ನಮ್ಮ ಕಬ್ಬು ಒಣಗಿತ್ತು. ಅದು ಇತ್ಯರ್ಥ ಆಗದ ಹೆಂಗ ಹೊಂಟಿ ನೀನು?"

ಮಾವ ಒಂದು ಕ್ಷಣ ಅಪ್ಪನನ್ನೇ ನೋಡಿದ. ಮುಖ ಕೆಂಪಾಯಿತು. ಕೋಲು ಕಟ್ಟೆಯಿಂದ ಜಾರಿ ಕೆಳಗೆ ಬಿತ್ತು, ಅದನ್ನು ನೋಡಲೂ ಇಲ್ಲ. ಕಂಬ ಹಿಡಿದು ಎದ್ದು ನಿಂತ.

"ಯಾರು ತಿರುವಿಕೊಂಡವರು? ನಾವೇನು? ಲೇ, ಅದರ ಹಿಂದಿನ ವರ್ಷ ನಿಮ್ಮ ಅಜ್ಜ ನಮ್ಮ ಗದ್ದಿ ನೀರು ಒಡಕೊಂಡು ಹೋದದ್ದು ಊರಿಗೇ ಗೊತ್ತೈತಿ!"

"ನಮ್ಮ ಅಜ್ಜಾ? ನಮ್ಮ ಅಜ್ಜ ದೇವರಂಥಾ ಮನಿಷ್ಯಾ!"

"ದೇವರು! ಬಾ ಇಲ್ಲಿ, ದೇವರ ಗುದ್ದಲಿ ಎಲ್ಲಿ ಬೀಳತಿತ್ತು ತೋರಸ್ತೀನಿ!" ಎಂದು ಮಾವ ಬದುವಿಗೆ ಇಳಿದ. ಹೌದು, ಇಳಿದ, ಆ ಮೊಣಕಾಲಿನಲ್ಲೇ. ಅಪ್ಪ ಎದುರಿಗೆ ಬಂದ. ಇಬ್ಬರೂ ಕಾಲುವೆಯ ಆಚೆ ಈಚೆ ನಿಂತು, ಎಷ್ಟೋ ವರ್ಷದಿಂದ ಎಮ್ಮೆಯ ಕಿವಿಗೆ ಸುರಿದದ್ದನ್ನೆಲ್ಲ ಈಗ ಒಬ್ಬರ ಮುಖಕ್ಕೊಬ್ಬರು ಸುರಿಯತೊಡಗಿದರು. ನನಗೆ ಅಳು ಬಂತು, ನಗುವೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡರೆ ಸೆರಗಿನ ಕೆಂಪು ಧೂಳು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ಗೌರಮ್ಮತ್ತೆ ದೊಡ್ಡದೊಂದು ಉಸಿರು ಬಿಟ್ಟು, "ಸದ್ಯ, ಮಾತಾಡಿದರಲ್ಲವ್ವ" ಎಂದು ಅವ್ವನಿಗೆ ಮಜ್ಜಿಗೆ ಬಗ್ಗಿಸಿ ಕೊಟ್ಟಳು.

ಏಜೆಂಟನಿಗೆ ಪಾಪ ಏನೂ ತಿಳಿಯಲಿಲ್ಲ. ಟೇಪು ಹಿಡಿದುಕೊಂಡು ನಡುವೆ ಬಂದು, ಸಂದು ಸಿಕ್ಕಾಗ ಕೇಳಿದ: "ಯಜಮಾನ್ರ, ಅಳತಿ ಶುರು ಮಾಡ್ಲೇನ್ರಿ?"

ಮಾವ ಸರ್ರನೆ ಅವನ ಕಡೆ ತಿರುಗಿದ. ಯಾರೋ ಊಟದ ನಡುವೆ ಎಬ್ಬಿಸಿದಂತೆ ಅವನಿಗೆ ಕೋಪ ಬಂದಿತ್ತು.

"ತಡೀರಿ ಸ್ವಾಮಿ! ಕಾಣಂಗಿಲ್ಲೇನು? ನಮ್ಮ ಜಗಳ ಇನ್ನ ಮುಗದಿಲ್ಲ. ಮುಗದ ಮ್ಯಾಲ ಬರ್ರಿ!"

ಅಷ್ಟು ಹೇಳಿ ಮತ್ತೆ ಅಪ್ಪನ ಕಡೆಗೆ ತಿರುಗಿದ. ಅಪ್ಪನ ಮುಖ ನಾನು ನೋಡಿದೆ. ಬೈಸಿಕೊಳ್ಳುವವನ ಮುಖ ಅಷ್ಟು ಬೆಳಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಜೆಂಟ ಟೇಪನ್ನು ನಿಧಾನವಾಗಿ ಸುತ್ತಿಕೊಳ್ಳುತ್ತ ಬೇವಿನ ಮರದ ಕಡೆ ಬಂದ. "ಮೇಡಮ್ಮಾರ, ಇದು ಮುಗಿಯಾಕ ಎಷ್ಟು ಹೊತ್ತಾಗಬಹುದ್ರಿ?" ಎಂದು ನನ್ನನ್ನು ಕೇಳಿದ.

"ಭಾಳ ಹೊತ್ತು ಆಗ್ತೈತ್ರಿ" ಎಂದೆ. "ಕುಂದ್ರಿ, ಊಟ ಮಾಡ್ಕೊಂಡು ಹೋಗ್ರಿ."